ಜಂಗು ಹಿಡಿದ ಸೆನ್ಸರಿಗೆ ತೋಳ್ಬಲವಲ್ಲ, ಕಾವು ಮದ್ದು

ಕೆಎ-24 ಎಂಬ ಫಲಕ ಹೊತ್ತ ಹಳೆಯ ಕಾರುಗಳಿಗೆ ನಮ್ಮ ಕಡೆ ಬರವಿಲ್ಲ. ಬೈಲಹೊಂಗಲದ ಪೇಟೆ, ಕಿತ್ತೂರಿನ ಹೆದ್ದಾರಿ, ಸವದತ್ತಿಯ ಗುಡ್ಡದ ದಾರಿ, ರಾಮದುರ್ಗದ ಬಸ್ ನಿಲ್ದಾಣದ ಎದುರು, ಎಲ್ಲಿ ನಿಂತು ನೋಡಿದರೂ ಹದಿನೈದು ವರ್ಷ ದಾಟಿದ ಮಾರುತಿ 800, ಆಲ್ಟೊ, ಸ್ಯಾಂಟ್ರೊಗಳು ಕಣ್ಣಿಗೆ ಬೀಳುತ್ತವೆ. ಇವು ಮೆರವಣಿಗೆಗೆಂದು ಇಟ್ಟುಕೊಂಡ ಕಾರುಗಳಲ್ಲ. ಆಸ್ಪತ್ರೆಗೆ, ಲಗ್ನಕ್ಕೆ, ಮಕ್ಕಳ ಪರೀಕ್ಷೆಗೆ, ಬೀಜ–ಗೊಬ್ಬರಕ್ಕೆ ಓಡಾಡುವ ಕಾರುಗಳು. ಇಂಥ ಕಾರು ಒಂದು ವಾರ ನಿಂತರೆ ಮನೆಯ ಅನೇಕ ಕೆಲಸಗಳು ನಿಲ್ಲುತ್ತವೆ.

ಈ ಕಾರುಗಳಲ್ಲಿ ಒಂದು ದಿನ ಸ್ಟೇರಿಂಗಿನ ಮುಂದೆ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತುತ್ತದೆ, ಮತ್ತೆ ಆರುವುದಿಲ್ಲ. ಗ್ಯಾರೇಜಿಗೆ ಒಯ್ದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂಬ ಉತ್ತರ ಬರುತ್ತದೆ. ಸೆನ್ಸರ್ ಎಂದರೆ ಹೆಬ್ಬೆರಳು ಗಾತ್ರದ ಒಂದು ವಸ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ತಿರುಗಿಸಿ ಕೂರಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ. ಆದರೆ ಆ ಹಳೆಯದು ಬಿಚ್ಚಿ ಬಂದರೆ ತಾನೆ! ವರ್ಷಗಟ್ಟಲೆ ಬೆಂಕಿ, ಹೊಗೆ, ಕೆಸರು ಉಂಡು ಅದು ಸೈಲೆನ್ಸರ್ ಪೈಪಿನೊಂದಿಗೆ ಒಂದೇ ಕಬ್ಬಿಣವಾಗಿ ಕೂತಿರುತ್ತದೆ. ಸಿಟ್ಟಿನಲ್ಲಿ ಜಗ್ಗಿದರೆ ಮುರಿಯುತ್ತದೆ, ಇಲ್ಲವೇ ಪೈಪಿನ ಥ್ರೆಡ್ ಕಿತ್ತು ಬರುತ್ತದೆ. ಆಗ ಕೆಲವು ಸಾವಿರದ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಏಕೆಂದರೆ ಅನೇಕ ಕಾರುಗಳಲ್ಲಿ ಆ ಪೈಪು ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರಿನೊಂದಿಗೆ ಕೂಡಿಯೇ ಬರುತ್ತದೆ.

ಜಂಗು ಹಿಡಿದ ನಟ್ಟನ್ನು ಬಿಚ್ಚುವುದು ತೋಳಿನ ಕೆಲಸವೆಂದು ಬಹಳ ಜನರ ಎಣಿಕೆ. ವಾಸ್ತವವಾಗಿ ಅದು ಎಂಟನೇ ತರಗತಿಯ ವಿಜ್ಞಾನದ ಕೆಲಸ. ಹಿಡಿದುಕೊಂಡಿರುವುದು ಏನು ಎಂದು ತಿಳಿದರೆ ಬಿಡಿಸುವುದು ಹೇಗೆ ಎಂಬುದೂ ತಿಳಿಯುತ್ತದೆ. ಈ ವಾರ ಅದನ್ನೇ ನೋಡೋಣ.

ಹೊಗೆಯ ರುಚಿ ನೋಡುವ ನಾಲಿಗೆ

ಮೊದಲು ಈ ಸೆನ್ಸರ್ ಏನು ಮಾಡುತ್ತದೆಂದು ತಿಳಿಯೋಣ. ಒಲೆಗೆ ಗಾಳಿ ಕಡಿಮೆಯಾದರೆ ಹೊಗೆ ಏಳುತ್ತದೆ, ಗಾಳಿ ಅತಿಯಾದರೆ ಕಾವು ಹಾರಿಹೋಗುತ್ತದೆ. ಎಂಜಿನ್ನೂ ಹಾಗೆಯೇ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹಳೆಯ ಕಾರ್ಬುರೇಟರ್ ಈ ಲೆಕ್ಕವನ್ನು ಅಂದಾಜಿನ ಮೇಲೆ ಮಾಡುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಆ ಕೆಲಸ ಮಾಡುತ್ತದೆ. ಆದರೆ ತಾನು ಬಡಿಸಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅದಕ್ಕೆ ತಿಳಿಯಬೇಕಲ್ಲ? ಹೊರಬರುವ ಹೊಗೆಯ ರುಚಿ ನೋಡಿ ಹೇಳುವ ನಾಲಿಗೆಯೇ ಆಕ್ಸಿಜನ್ ಸೆನ್ಸರ್.

ಇದರೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಒಂದು ಬೆರಳುಚಿಪ್ಪು ಇದೆ. ಅದರ ಒಳಮೈಗೂ ಹೊರಮೈಗೂ ಪ್ಲಾಟಿನಂ ಲೇಪನ. ಒಳಗೆ ಹೊರಗಿನ ಗಾಳಿ, ಹೊರಗೆ ಎಂಜಿನ್ನಿನ ಹೊಗೆ. 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಈ ಪಿಂಗಾಣಿ ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾಯಲು ಬಿಡುತ್ತದೆ. ಎರಡು ಬದಿಗಳ ಆಮ್ಲಜನಕದಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ಸುಮಾರು 0.9 ವೋಲ್ಟ್, ಕಡಿಮೆಯಿದ್ದರೆ ಸುಮಾರು 0.1 ವೋಲ್ಟ್ ವಿದ್ಯುತ್ತು ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲವೆಂದರೆ ಪೆಟ್ರೋಲು ಹೆಚ್ಚಾಗಿದೆ, ಬಹಳ ಉಳಿದಿದೆಯೆಂದರೆ ಪೆಟ್ರೋಲು ಸಾಲದು ಎಂದು ಕಂಪ್ಯೂಟರ್ ಅರ್ಥ ಮಾಡಿಕೊಂಡು ಕೂಡಲೇ ತಿದ್ದಿಕೊಳ್ಳುತ್ತದೆ. ಜರ್ಮನಿಯ ಬಾಷ್ ಕಂಪನಿಯ ಈ ಸೆನ್ಸರನ್ನು 1976ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಅಮೆರಿಕೆಗೆ ಕಳಿಸುವ ಕಾರುಗಳಲ್ಲಿ ಮೊದಲು ಅಳವಡಿಸಿತು.

ನಮ್ಮ ದೇಶಕ್ಕೆ ಇದು ಬರಲು ಮೊದಲು ಪೆಟ್ರೋಲಿನಿಂದ ಸೀಸ ಹೋಗಬೇಕಾಗಿತ್ತು. ಸೀಸ ಈ ಸೆನ್ಸರಿಗೂ ಕನ್ವರ್ಟರಿಗೂ ವಿಷ. 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು ಬಂತು, ಅಲ್ಲಿನ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸರಹಿತ ಪೆಟ್ರೋಲು ಸಿಗತೊಡಗಿತು. ಆ ನಂತರ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದು, ಹಳ್ಳಿಯ ಕಾರಿನ ಹೊಟ್ಟೆಯೊಳಗೂ ಈ ನಾಲಿಗೆ ಸೇರಿತು.

ಇದು ಸತ್ತರೆ ಕಾರು ನಿಲ್ಲುವುದಿಲ್ಲ, ಅದೇ ತೊಂದರೆ. ಕಂಪ್ಯೂಟರ್ ಕಣ್ಣುಮುಚ್ಚಿ ಅಂದಾಜಿನ ಮೇಲೆ ಪೆಟ್ರೋಲು ಬಡಿಸುತ್ತದೆ, ಸಾಮಾನ್ಯವಾಗಿ ಹೆಚ್ಚೇ ಬಡಿಸುತ್ತದೆ. ಮೈಲೇಜು ಇಳಿಯುತ್ತದೆ. ಉರಿಯದೆ ಉಳಿದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿದು, ಅದರ ಜೇನುಹುಟ್ಟಿನಂಥ ಪಿಂಗಾಣಿಯನ್ನು ಕರಗಿಸಲೂಬಹುದು.

ಪೆಟ್ರೋಲಿನ ಹೊಟ್ಟೆಯಲ್ಲಿ ನೀರು

ಬೆಂಕಿ ಹಾಯುವ ಪೈಪಿಗೆ ಜಂಗು ಏಕೆ ಹಿಡಿಯಬೇಕು? ಮಕ್ಕಳನ್ನು ಕೇಳಿದರೆ ಮಳೆಯ ನೀರು ಎನ್ನುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಪೆಟ್ರೋಲಿನಲ್ಲೇ ಇದೆ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ! ಬೈಲಹೊಂಗಲದಿಂದ ಬೆಳಗಾವಿಗೆ ಹೋಗುವಷ್ಟರಲ್ಲಿ ಒಂದು ಸಣ್ಣ ಕಾರು ಎರಡು ತಂಬಿಗೆ ನೀರನ್ನು ಸೈಲೆನ್ಸರಿನಿಂದ ಹೊರಗೆ ಚೆಲ್ಲಿರುತ್ತದೆ. ಚಳಿಗಾಲದ ಮುಂಜಾನೆ ಕಾರು ಚಾಲೂ ಮಾಡಿದಾಗ ಪೈಪಿನ ತುದಿಯಿಂದ ಹನಿ ಬೀಳುವುದನ್ನು ನೀವು ನೋಡಿರಬಹುದು. ಅದೇ ಇದು.

ದೂರದ ಪ್ರಯಾಣದಲ್ಲಿ ಪೈಪು ಚೆನ್ನಾಗಿ ಕಾದು ಈ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಆದರೆ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಪೈಪು ಪೂರ್ತಿ ಕಾಯುವ ಮೊದಲೇ ಎಂಜಿನ್ ಬಂದ್ ಆಗುತ್ತದೆ. ನೀರು ಒಳಗೇ ಉಳಿಯುತ್ತದೆ. ಹೊರಗಿನಿಂದ ನಮ್ಮ ಎರೆ ಮಣ್ಣು. ಹತ್ತಿಗೂ ಜೋಳಕ್ಕೂ ಅದು ವರ, ಕಾರಿನ ತಳಕ್ಕೆ ಶಾಪ. ಎರೆಯ ಜಿಗುಟು ಕೆಸರು ಒಮ್ಮೆ ಮೆತ್ತಿತೆಂದರೆ ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ನೀರಿನಲ್ಲಿ ನಿಂತ ವಾಹನಗಳ ತಳ ಏನಾಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಮುಖ್ಯ ವಿಷಯ. ಜಂಗು ಅಂಟಲ್ಲ, ಅದೊಂದು ಬೆಣೆ. ಕಬ್ಬಿಣ ಜಂಗಾದಾಗ ಅದರ ಗಾತ್ರ ಹಿಗ್ಗುತ್ತದೆ. ಬಗೆಯನ್ನು ಅವಲಂಬಿಸಿ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೂ ಹೋಗುತ್ತದೆ. ಆರ್‌ಸಿಸಿ ಛತ್ತಿನ ಕಬ್ಬಿಣ ಜಂಗು ಹಿಡಿದಾಗ ಸಿಮೆಂಟು ಉಬ್ಬಿ ಉದುರುವುದೂ ಇದೇ ಕಾರಣಕ್ಕೆ. ಸೆನ್ಸರಿನ ಥ್ರೆಡ್ ಮತ್ತು ಪೈಪಿಗೆ ಬೆಸೆದ ನಟ್ಟಿನ ಥ್ರೆಡ್ ಇವುಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದಿನಲ್ಲಿ ಜಂಗು ಹುಟ್ಟಿ ಹಿಗ್ಗಿದರೆ ಸಾವಿರ ಸಣ್ಣ ಬೆಣೆಗಳನ್ನು ಬಡಿದಂತೆ. ಬೆಣೆಯನ್ನು ಜಗ್ಗಿ ಮುರಿಯುವುದಲ್ಲ, ಸಂದು ಅಗಲ ಮಾಡಿ ಸಡಿಲಿಸಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಮಾತಿನ ವಿಸ್ತರಣೆ ಅಷ್ಟೆ.

ಬಿಚ್ಚುವ ಮುನ್ನ ಮೂರು ಪ್ರಶ್ನೆ

ಒಂದು, ಸೆನ್ಸರ್ ನಿಜವಾಗಿಯೂ ಕೆಟ್ಟಿದೆಯೆ? ಕೊಟ್ಟಿಗೆಯ ಪಕ್ಕ, ಕಾಳಿನ ಚೀಲಗಳ ಪಕ್ಕ ಕಾರು ನಿಲ್ಲಿಸುವ ನಮ್ಮ ಕಡೆ ಇಲಿಗಳು ತಂತಿ ಕಡಿಯುವುದು ಸಾಮಾನ್ಯ. ತಂತಿ ತುಂಡಾದರೂ ಅದೇ ಹಳದಿ ದೀಪ ಹತ್ತುತ್ತದೆ. ಪೈಪಿನ ಜೋಡಣೆಯಲ್ಲಿ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ತಪ್ಪು ರುಚಿ ಹೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮಲ್ಟಿಮೀಟರ್ ಹಚ್ಚಿ ನೋಡಿ. ಮುಳ್ಳು ಅಥವಾ ಅಂಕಿ 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಓಡುತ್ತಿದ್ದರೆ ಸೆನ್ಸರಿನ ಜೀವ ಇದೆ. ಒಂದೇ ಕಡೆ ನಿಂತಿದ್ದರೆ ಸಂಶಯಪಡಬಹುದು.

ಎರಡು, ಯಾವ ಸೆನ್ಸರ್? ಅನೇಕ ಕಾರುಗಳಲ್ಲಿ ಕನ್ವರ್ಟರಿನ ಮೊದಲು ಒಂದು, ನಂತರ ಒಂದು ಇರುತ್ತವೆ. ಮೊದಲಿನದು ಪೆಟ್ರೋಲಿನ ಅಳತೆ ತಿದ್ದುತ್ತದೆ, ಹಿಂದಿನದು ಕನ್ವರ್ಟರಿನ ಕೆಲಸವನ್ನು ಪರೀಕ್ಷಿಸುತ್ತದೆ. ಸುಮ್ಮನೆ ಇದ್ದದ್ದನ್ನು ಬಿಚ್ಚಲು ಹೋಗಿ ಮುರಿದುಕೊಳ್ಳುವುದು ಬೇಡ.

ಮೂರು, ಹೊಸ ಸೆನ್ಸರ್ ಕೈಯಲ್ಲಿದೆಯೆ? ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರ್ ಆಸುಪಾಸು. ಬಿಚ್ಚಿ ತೂತು ತೆರೆದಿಟ್ಟು ಬಿಡಿಭಾಗಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಅಲೆಯುವುದಕ್ಕಿಂತ ಮೊದಲೇ ತರಿಸಿಟ್ಟುಕೊಂಡು ಕೆಲಸ ಹಿಡಿಯುವುದು ಲೇಸು.

ಎಣ್ಣೆ, ಪಾನಾ ಮತ್ತು ತಾಳ್ಮೆ

ಮೊದಲ ಮದ್ದು ಎಣ್ಣೆ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದಲ್ಲ, ಅದೇ ಗುಣದಿಂದ ತೆಳ್ಳನೆಯ ಎಣ್ಣೆ ಜಂಗಿನ ಬಿರುಕುಗಳಲ್ಲಿ ಇಳಿಯುತ್ತದೆ. ಜಂಗು ಬಿಡಿಸುವ ಸ್ಪ್ರೇ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲವಾದರೆ ಡೀಸೆಲ್ ಕೂಡ ಆದೀತು. ಆದರೆ ಮೊದಲು ತಂತಿಯ ಬ್ರಷ್ಷಿನಿಂದ ಕೆಸರು, ಹೊಪ್ಪಳಿಕೆ ಎಲ್ಲ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಎಣ್ಣೆ ಕುಡಿಯುವುದು ಕೆಸರು, ಥ್ರೆಡ್ ಅಲ್ಲ. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಮುಂಜಾನೆ ಒಮ್ಮೆ ಹಾಕಿ. ಬಿಡುವ ಮನಸ್ಸಿರುವ ಸೆನ್ಸರ್ ಒಂದು ರಾತ್ರಿಯ ನೆನೆಯುವಿಕೆಗೇ ಸಡಿಲಬಹುದು. ಎಣ್ಣೆ ಹಾಕಿ ಐದು ನಿಮಿಷಕ್ಕೆ ಪಾನಾ ಹಚ್ಚುವವರು ಎಣ್ಣೆಯನ್ನೂ ಸಮಯವನ್ನೂ ಕಳೆದುಕೊಳ್ಳುತ್ತಾರೆ.

ಎರಡನೆಯದು ಸರಿಯಾದ ಪಾನಾ. ಬಹುತೇಕ ಸೆನ್ಸರುಗಳ ಥ್ರೆಡ್ 18 ಮಿಲಿಮೀಟರ್ ವ್ಯಾಸದ್ದು, ತಲೆ 22 ಮಿಲಿಮೀಟರ್ ಪಾನಾದ್ದು. ಬಾಯಿ ತೆರೆದ ಪಾನಾ ಎರಡೇ ಮುಖಗಳನ್ನು ಹಿಡಿಯುತ್ತದೆ. ಬಲ ಹೆಚ್ಚಾದರೆ ಮೂಲೆ ಸವೆದು ಷಟ್ಕೋನ ಗುಂಡಾಗಿಬಿಡುತ್ತದೆ. ರಿಂಗ್ ಪಾನಾ ಎಲ್ಲ ಮೂಲೆಗಳನ್ನೂ ಹಿಡಿಯುತ್ತದೆ. ಆದರೆ ಸೆನ್ಸರಿನ ಬಾಲದಂತೆ ತಂತಿ ಅಡ್ಡ ಬರುತ್ತದಲ್ಲ? ಅದಕ್ಕಾಗಿಯೇ ಒಂದು ಪಕ್ಕ ಸೀಳಿದ ಸಾಕೆಟ್ ಸಿಗುತ್ತದೆ. ಸೆನ್ಸರ್ ಸತ್ತಿರುವುದು ಖಚಿತವಾಗಿ, ಹೊಸದು ಕೈಯಲ್ಲಿದ್ದರೆ ಇನ್ನೂ ಸುಲಭದ ದಾರಿಯಿದೆ. ಬ್ಯಾಟರಿ ಸಂಪರ್ಕ ತೆಗೆದು ಹಳೆಯ ತಂತಿಯನ್ನೇ ಕತ್ತರಿಸಿ, ಮೇಲಿನಿಂದ ಗಟ್ಟಿ ರಿಂಗ್ ಪಾನಾ ಇಳಿಸಿ.

ಮೂರನೆಯದು ಕೈಯ ಹದ. ಕಂಪನಿಯವರು ಸೆನ್ಸರನ್ನು ಬಿಗಿಯುವುದು ಸುಮಾರು 45 ನ್ಯೂಟನ್ ಮೀಟರ್ ಬಲದಿಂದ. ಕಾಲು ಮೀಟರ್ ಉದ್ದದ ಪಾನಾದ ತುದಿಗೆ 18 ಕಿಲೋ ತೂಕ ತೂಗುಬಿಟ್ಟಷ್ಟು. ಪಾನಾಕ್ಕೆ ಒಂದು ಮೀಟರ್ ಪೈಪು ತೊಡಿಸಿ ಇಬ್ಬರು ಜೋತುಬಿದ್ದರೆ ಅದು ಹತ್ತು ಪಟ್ಟಿಗೂ ಮೀರುತ್ತದೆ. ಅಷ್ಟಕ್ಕೆ ಜಂಗಿಗಿಂತ ಮೊದಲು ಲೋಹವೇ ಸೋಲುತ್ತದೆ. ಆದ್ದರಿಂದ ಒಂದೇ ಸಮನೆ ಎಡಕ್ಕೆ ಜಗ್ಗಬೇಡಿ. ಮೊದಲು ಸ್ವಲ್ಪ ಬಲಕ್ಕೆ, ಎಂದರೆ ಬಿಗಿಯುವ ಕಡೆಗೆ ಒತ್ತಿ. ನಂತರ ಎಡಕ್ಕೆ. ಜಂಗಿನ ಹೊಪ್ಪಳಿಕೆ ಬಿರುಕು ಬಿಡುವುದು ಈ ಹೋಗಿಬರುವ ಆಟದಲ್ಲಿ. ಕಾಲು ಸುತ್ತು ಬಂದಿತೆಂದು ಸಂಭ್ರಮಪಟ್ಟು ಪೂರ್ತಿ ತಿರುಗಿಸಿದರೆ, ಉದುರಿದ ಜಂಗಿನ ಪುಡಿ ಮುಂದಿನ ಥ್ರೆಡ್ಡಿನಲ್ಲಿ ಸಿಕ್ಕಿ ಮತ್ತೆ ಕಚ್ಚಿಕೊಳ್ಳುತ್ತದೆ. ಕಾಲು ಸುತ್ತು ಎಡಕ್ಕೆ, ಅರ್ಧಪಾಲು ಹಿಂದಕ್ಕೆ, ಎರಡು ಹನಿ ಎಣ್ಣೆ. ಹೀಗೆಯೇ ಸಾಗಬೇಕು.

ಚಕ್ಕಡಿಯ ಗಾಲಿ ಕಲಿಸಿದ ಪಾಠ

ಇಷ್ಟಕ್ಕೂ ಬಗ್ಗದ ಸೆನ್ಸರಿಗೆ ಉಳಿದಿರುವುದು ಕಾವು. ಬೈಲಹೊಂಗಲದ ಒಂದು ಗ್ಯಾರೇಜಿನಲ್ಲಿ ಈ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮಿಸ್ತ್ರಿ ನನ್ನ ಹಳೆಯ ವಿದ್ಯಾರ್ಥಿ. ಕಾರು ಸವದತ್ತಿ ತಾಲ್ಲೂಕಿನ ರೈತರೊಬ್ಬರದು. ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಧಾರವಾಡಕ್ಕೆ ಕರೆದೊಯ್ಯುವ ಕಾರು ಅದು. ಎರಡು ರಾತ್ರಿ ಎಣ್ಣೆ ಕುಡಿದರೂ ಸೆನ್ಸರ್ ಮಿಸುಕಿರಲಿಲ್ಲ.

"ಸರ, ಪೈಪ್ ತೊಡಿಸಿ ಜಗ್ಗಲೇನ್ರಿ?" ಎಂದ ಮಿಸ್ತ್ರಿ.

"ಜಗ್ಗಿದರ ಏನಾಗತೈತಿ, ನೀನ ಹೇಳು."

"ಮುರದ್ರ ಪೈಪ್ ಪೂರಾ ಹೋಗತೈತ್ರಿ."

ರೈತರು ನಡುವೆ ಬಾಯಿ ಹಾಕಿದರು. "ಏನಾರ ಮಾಡ್ರಿ ಯಪ್ಪಾ, ನಾಡದ ಮುಂಜಾನೆ ಅವ್ವನ್ನ ಕರಕೊಂಡ ಧಾರವಾಡಕ್ಕ ಹೋಗಬೇಕು. ಬಾಡಿಗಿ ಗಾಡಿ ಮಾಡಿ ಮಾಡಿ ಸಾಕಾಗೈತಿ."

ನಾನು ಹುಡುಗನಿಗೆ ತರಗತಿಯಲ್ಲಿ ಕೇಳುತ್ತಿದ್ದ ಹಳೆಯ ಪ್ರಶ್ನೆಯನ್ನೇ ಕೇಳಿದೆ. ನಡುವೆ ತೂತಿರುವ ಕಬ್ಬಿಣದ ಬಿಲ್ಲೆಯನ್ನು ಕಾಸಿದರೆ ತೂತು ಸಣ್ಣದಾಗುತ್ತದೋ ದೊಡ್ಡದಾಗುತ್ತದೋ? ಕಬ್ಬಿಣ ಎಲ್ಲ ಕಡೆಗೂ ಹಿಗ್ಗುವುದರಿಂದ ತೂತು ಮುಚ್ಚಿಕೊಳ್ಳಬೇಕು ಎಂದು ತರಗತಿಯ ಅರ್ಧ ಮಕ್ಕಳು ಕೈ ಎತ್ತುತ್ತಾರೆ. ಈತ ಮಾತ್ರ ನಕ್ಕು, "ದೊಡ್ಡದಾಗತೈತ್ರಿ ಸರ. ನಮ್ಮ ಅಜ್ಜ ಚಕ್ಕಡಿ ಗಾಲಿಗೆ ಹಳಿ ಏರಸ್ತಿದ್ರಲ್ಲ" ಎಂದ.

ಇದಕ್ಕಿಂತ ಒಳ್ಳೆಯ ಉತ್ತರ ಪಠ್ಯಪುಸ್ತಕದಲ್ಲೂ ಇಲ್ಲ. ಚಕ್ಕಡಿಯ ಕಟ್ಟಿಗೆಯ ಗಾಲಿಗಿಂತ ಕಬ್ಬಿಣದ ಹಳಿಯನ್ನು ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಸುತ್ತಾರೆ. 1.4 ಮೀಟರ್ ಅಡ್ಡಳತೆಯ ಹಳಿ 500 ಡಿಗ್ರಿ ಹೆಚ್ಚು ಕಾದರೆ ಅಡ್ಡಳತೆ ಎಂಟು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ. ನೀರು ಸುರಿದೊಡನೆ ಕುಗ್ಗಿ ಬಿಗಿಯಾಗುತ್ತದೆ. ಒಂದರೊಳಗೊಂದು ಸಿಕ್ಕಿಬಿದ್ದ ಸ್ಟೀಲ್ ಲೋಟಗಳನ್ನು ಬಿಡಿಸಲು ಒಳಗಿನದಕ್ಕೆ ತಣ್ಣೀರು ಹಾಕಿ ಹೊರಗಿನದನ್ನು ಬಿಸಿನೀರಿನಲ್ಲಿ ಇಳಿಸುವ ತಾಯಂದಿರು ಮಾಡುವುದೂ ಇದನ್ನೇ. ಹೊರಗಿನದು ಹಿಗ್ಗಬೇಕು, ಒಳಗಿನದು ತಣ್ಣಗಿರಬೇಕು.

ಸೆನ್ಸರಿಗೂ ಇದೇ ಸೂತ್ರ. ಕಾಸಬೇಕಾದದ್ದು ಸೆನ್ಸರನ್ನಲ್ಲ, ಅದು ಕೂತಿರುವ ನಟ್ಟನ್ನು. 18 ಮಿಲಿಮೀಟರಿನ ತೂತು 500 ಡಿಗ್ರಿ ಕಾವಿಗೆ ಸುಮಾರು 0.1 ಮಿಲಿಮೀಟರ್ ಅಗಲವಾಗುತ್ತದೆ. ಹೆಚ್ಚುಕಡಿಮೆ ಒಂದು ಹಾಳೆಯ ದಪ್ಪ. ಬೆಣೆ ಸಡಿಲಲು ಅಷ್ಟು ಸಾಕು. ಆದರೆ ಬೇಗ ಕಾಸಬೇಕು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಸಿದರೆ ಒಳಗಿನ ಸೆನ್ಸರೂ ಅಷ್ಟೇ ಕಾದು ಅಷ್ಟೇ ಹಿಗ್ಗುತ್ತದೆ, ಲಾಭವಿಲ್ಲ. ಗ್ಯಾಸ್ ವೆಲ್ಡಿಂಗಿನ ಜೋರಾದ ಉರಿಯನ್ನು ನಟ್ಟಿನ ಸುತ್ತ ಆಡಿಸುತ್ತ ಬೇಗ ಕಾಸಿ, ಒಳಗೆ ಕಾವು ಇಳಿಯುವ ಮೊದಲೇ ಪಾನಾ ಹಚ್ಚಬೇಕು.

ಹುಡುಗ ಹಾಗೆಯೇ ಮಾಡಿದ. ಎಣ್ಣೆಯ ಪಸೆಯನ್ನೆಲ್ಲ ಒರೆಸಿ ಒಣಗಿಸಿದ. ನಟ್ಟು ಮಬ್ಬುಗೆಂಪು ಬಣ್ಣಕ್ಕೆ ತಿರುಗಿದೊಡನೆ ಉರಿ ಆರಿಸಿ ಪಾನಾ ಹಾಕಿದ. ಮೊದಲ ಸಲ ಮಿಸುಕಲಿಲ್ಲ. ಅದಕ್ಕೆ ಬೇಸರಪಡಬೇಕಿಲ್ಲ. ಕಾದು ತಣಿದಾಗ ಜಂಗೂ ಲೋಹವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಜಂಗಿನ ಪದರ ಒಡೆಯುತ್ತದೆ. ಕೆಂಪು ಆರಿ ಕಾವು ತುಸು ಇಳಿದ ಮೇಲೆ ಅವನು ಒಂದು ಮೇಣದ ಬತ್ತಿಯನ್ನು ಥ್ರೆಡ್ಡಿನ ಅಂಚಿಗೆ ಮುಟ್ಟಿಸಿದ. ಕರಗಿದ ಮೇಣ ಸಂದಿನೊಳಗೆ ಸರಸರನೆ ಇಳಿಯಿತು. ಮೂರನೆಯ ಸಲ ಕಾಸಿದಾಗ 'ಕಟಕ್' ಎಂಬ ಸದ್ದು. ಮುರಿಯಿತೇನೋ ಎಂದು ರೈತರ ಮುಖ ಬಾಡಿತು. ಮುರಿದಿರಲಿಲ್ಲ, ಬಿಟ್ಟಿತ್ತು. ಹಿಂದೆ ಮುಂದೆ ಮಾಡುತ್ತ ಇನ್ನೂ ಅರ್ಧ ಗಂಟೆ ಹಿಡಿಯಿತು. ಹೊರಬಂದ ಸೆನ್ಸರಿನ ಮೂತಿ ಮಸಿ ಹಿಡಿದು ಇದ್ದಿಲಿನಂತಾಗಿತ್ತು.

ಒಂದು ಎಚ್ಚರಿಕೆ. ಗಾಲಿಯ ಹಳಿಗೆ ನೀರು ಸುರಿದಂತೆ ಇಲ್ಲಿ ಕಾದ ಪೈಪಿಗೆ ನೀರು ಸುರಿಯಬಾರದು. ಎಂಜಿನ್ನಿಗೆ ಅಂಟಿದ ಎರಕದ ಕಬ್ಬಿಣ ಬಿರಿಯಬಹುದು, ಪಕ್ಕದ ಕನ್ವರ್ಟರಿನ ಪಿಂಗಾಣಿ ಒಡೆಯಬಹುದು. ತಾನಾಗಿ ಆರಲು ಬಿಡಿ.

ಬೆಂಕಿಯೊಡನೆ ಹುಡುಗಾಟಿಕೆ ಬೇಡ

ಸೆನ್ಸರ್ ಹೋದರೆ ಮತ್ತೊಂದು ಸಿಗುತ್ತದೆ, ಕಣ್ಣು, ಕೈ, ಪ್ರಾಣ ಸಿಗುವುದಿಲ್ಲ. ಕಾರಿನ ಕೆಳಗೆ ಬೆಂಕಿ ಹಿಡಿಯುವ ಕೆಲಸವನ್ನು ಮನೆಯ ಅಂಗಳದಲ್ಲಿ ಮಾಡಲೇಬೇಡಿ. ಅದು ವೆಲ್ಡಿಂಗ್ ಬಲ್ಲವರ ಕೆಲಸ. ಅವರು ಮಾಡುವಾಗಲೂ ಪೆಟ್ರೋಲಿನ ಟ್ಯಾಂಕು, ಪೆಟ್ರೋಲಿನ ನಳಿಕೆ, ಬ್ರೇಕಿನ ನಳಿಕೆ ಎಲ್ಲಿ ಹಾಯ್ದಿವೆ ಎಂದು ಮೊದಲು ನೋಡಿಕೊಳ್ಳಬೇಕು. ಜಂಗು ಬಿಡಿಸುವ ಸ್ಪ್ರೇ, ಡೀಸೆಲ್ ಎಲ್ಲವೂ ಬೆಂಕಿಗೆ ತುತ್ತಾಗುವಂಥವು. ಅವನ್ನು ಹಾಕಿದ ಜಾಗವನ್ನು ಒರೆಸದೆ ಉರಿ ಹಿಡಿಯಬಾರದು. ಬ್ರೇಕ್ ಒರೆಸುವ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಕೂಡಿದ ದ್ರಾವಕ ಇರುತ್ತದೆ. ಅದು ಉರಿಗೆ ಸಿಕ್ಕರೆ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲವದು.

ಬೆಂಕಿಗಿಂತಲೂ ಕಡೆಗಣಿಸಿರುವ ಅಪಾಯ ಜಾಕು. ಜಾಕು ಇರುವುದು ಕಾರನ್ನು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಬಿಗಿದ ನಟ್ಟನ್ನು ಜೋರಾಗಿ ಜಗ್ಗುವಾಗ ಕಾರು ಅಲುಗಾಡಿ ಜಾಕು ಜಾರಬಹುದು. ಕೆಳಗೆ ಕಲ್ಲು ಅಥವಾ ಇಟ್ಟಂಗಿ ಪೇರಿಸುವುದೂ ಸಲ್ಲದು, ಇಟ್ಟಂಗಿ ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಗಾಲಿಗಳಿಗೆ ಅಡ್ಡ ಇಟ್ಟು, ಕಾರನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ ನಂತರವೇ ಕೆಳಗೆ ತಲೆ ಹಾಕಬೇಕು.

ಮುರಿದರೂ ದಾರಿಯಿದೆ

ಇಷ್ಟೆಲ್ಲ ಮಾಡಿದರೂ ಕೆಲವು ಮುರಿಯುತ್ತವೆ. ಆಗಲೂ ಪೈಪನ್ನೇ ಬದಲಿಸಬೇಕೆಂದಿಲ್ಲ. ಒಳಗುಳಿದ ತುಂಡನ್ನು ಲೇಥ್ ಕೆಲಸ ಬಲ್ಲವರು ಕೊರೆದು ತೆಗೆಯಬಹುದು. ಥ್ರೆಡ್ ಅಲ್ಪಸ್ವಲ್ಪ ಹಾಳಾಗಿದ್ದರೆ 18 ಮಿಲಿಮೀಟರ್ ವ್ಯಾಸದ, 1.5 ಮಿಲಿಮೀಟರ್ ಅಂತರದ ಟ್ಯಾಪ್ ಹಾಯಿಸಿ ಸ್ವಚ್ಛ ಮಾಡಬಹುದು. ಪೂರ್ತಿ ಹೋಗಿದ್ದರೆ ಹಳೆಯ ನಟ್ಟನ್ನು ಕತ್ತರಿಸಿ ಹೊಸ ನಟ್ಟು ಬೆಸೆಯಬಹುದು. ಬೆಸುಗೆಯಲ್ಲಿ ಸೂಜಿಯಷ್ಟು ಸಂದೂ ಉಳಿಯಬಾರದು, ಅಷ್ಟೆ.

ಹೊಸದನ್ನು ಕೂರಿಸುವಾಗಲೇ ಮುಂದಿನ ಸಲದ ಬಿಚ್ಚುವಿಕೆಯನ್ನು ನೆನೆಯಬೇಕು. ಥ್ರೆಡ್ಡಿಗೆ ಹಚ್ಚಲು ತಾಮ್ರ ಅಥವಾ ನಿಕ್ಕಲ್ ಪುಡಿ ಬೆರೆತ, ಕಾವು ತಡೆಯುವ ಲೇಪ ಸಿಗುತ್ತದೆ. ಅನೇಕ ಹೊಸ ಸೆನ್ಸರುಗಳಿಗೆ ಕಂಪನಿಯವರೇ ಹಚ್ಚಿ ಕಳಿಸಿರುತ್ತಾರೆ, ಹಾಗಿದ್ದರೆ ಮತ್ತೆ ಬೇಡ. ಸಾದಾ ಗ್ರೀಸು ಈ ಕಾವಿಗೆ ಸುಟ್ಟು ಕರಕಲಾಗುತ್ತದೆ, ಪ್ರಯೋಜನವಿಲ್ಲ. ಸೆನ್ಸರಿನ ಮೂತಿಗೆ ಲೇಪವಾಗಲಿ ಎಣ್ಣೆಯಾಗಲಿ ಸೋಕಬಾರದು. ಸಿಲಿಕೋನ್ ಅಂಟು ಹತ್ತಿರ ಬರಲೇಬಾರದು. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಕಂಪನಿ ಹೇಳಿದಷ್ಟೇ ಬಿಗಿ ಕೊಡಬೇಕು. ಹೆಚ್ಚು ಬಿಗಿ ಹೆಚ್ಚು ಭದ್ರವಲ್ಲ.

"ತೆಗೆದು ಒಗೀರಿ" ಎನ್ನುವವರ ಮಾತು

ಕೊನೆಗೆ, ನಾನು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಾದ ಮಾತು. ಸೆನ್ಸರ್ ಬಿಚ್ಚಿ ಬರದಿದ್ದಾಗ ಕೆಲವರು ಕಾರಿನ ಮಾಲೀಕರಿಗೆ ಒಂದು ಸುಲಭೋಪಾಯ ಹೇಳುತ್ತಾರೆ. ಕನ್ವರ್ಟರ್ ಸಮೇತ ಕತ್ತರಿಸಿ ಒಗೆದು, ಸಾದಾ ಪೈಪು ಬೆಸೆದು, ದೀಪದ ತಂತಿ ಕಿತ್ತುಬಿಡಿ ಎನ್ನುತ್ತಾರೆ. ಕೂಲಿಯೂ ಬೇಡ, ಹಳೆಯ ಪೆಟ್ಟಿಗೆ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅಷ್ಟು ಉದಾರತನ ಏಕೆ? ಆ ಪೆಟ್ಟಿಗೆಯೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪನವಿದೆ. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ ಎಂಬುದು ಮಾಲೀಕರಿಗೆ ಗೊತ್ತಿರುವುದಿಲ್ಲ.

ಹಾಗೆ ಕತ್ತರಿಸಿದ ಕಾರು ಓಡುತ್ತದೆ, ನಿಜ. ಆದರೆ ಮುಂದಿನ ಎಮಿಷನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಿಎಸ್-4 ಪೆಟ್ರೋಲ್ ಕಾರಿಗೆ ನಿಂತಲ್ಲಿ ಎಂಜಿನ್ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇಕಡ 0.3ನ್ನು ಮೀರಬಾರದು. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕವೇ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5000ಕ್ಕೆ ಏರಿದೆ, ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ ಮತ್ತೆ ಏರಿಸಿದ್ದಾರೆ. ಅಷ್ಟು ತೆತ್ತು ಉಳಿಸಿಕೊಂಡ ಕಾರಿನ ಶ್ವಾಸಕೋಶವನ್ನೇ ಕಿತ್ತು ಕೊಡುವುದು ಯಾವ ಜಾಣತನ? ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ನಮ್ಮ ಕಬ್ಬಿನ ಗದ್ದೆಗಳಿಗೂ ಆ ಎಥೆನಾಲಿಗೂ ನಂಟಿದೆ. ಅಂಥ ಪೆಟ್ರೋಲಿಗೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಎಂಜಿನ್ನಿಗೆ ಈ ವ್ಯತ್ಯಾಸವನ್ನು ಹೇಳಿ ತಿದ್ದಿಸುವುದೂ ಇದೇ ಸೆನ್ಸರ್.

ಎಲ್ಲಕ್ಕಿಂತ ದೊಡ್ಡ ಮಾತು ಕಾರಿನೊಳಗೆ ಕೂತವರದು. ಸೆನ್ಸರ್ ಕಿತ್ತ ತೂತಿಗೆ ಬಟ್ಟೆ, ಎಂ-ಸೀಲ್ ತುರುಕಿ ಓಡಿಸುವವರಿದ್ದಾರೆ. ಆ ತೂತು ಎಂಜಿನ್ನಿನ ಪಕ್ಕದಲ್ಲೋ ಕಾಲಿನ ಕೆಳಗೋ ಇರುತ್ತದೆ. ಅಲ್ಲಿಂದ ಸೋರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಗಾಜು ಏರಿಸಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೋ ಮುದುಕರಿಗೋ ತಲೆನೋವು, ವಾಂತಿ ಬಂದರೆ ನಾವು ಪ್ರಯಾಣದ ಆಯಾಸವೆಂದು ತಿಳಿಯುತ್ತೇವೆ. ಹಳೆಯ ಕಾರಿನಲ್ಲಿ ಹಾಗಾದರೆ ಮೊದಲು ಗಾಜು ಇಳಿಸಿ, ಕಾರು ನಿಲ್ಲಿಸಿ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತನ್ನಿ. ಆರಾಮವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸೈಲೆನ್ಸರ್ ಪೈಪನ್ನು ಪರೀಕ್ಷಿಸದೆ ಆ ಕಾರನ್ನು ಮತ್ತೆ ಓಡಿಸಬೇಡಿ.

ಮಳೆಗಾಲ ಮುಗಿದೊಡನೆ ಕಾರಿನ ತಳದ ಎರೆ ಕೆಸರನ್ನು ತೊಳೆಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಓಟದಲ್ಲಿ ಓಡಿಸಿ, ಪೈಪಿನೊಳಗಿನ ನೀರು ಆರಲಿ. ಹಳದಿ ದೀಪ ಹತ್ತಿದ ವಾರದಲ್ಲೇ ತೋರಿಸಿ, ವರ್ಷ ಕಾದರೆ ಜಂಗೂ ಒಂದು ವರ್ಷ ಬಲಿಯುತ್ತದೆ. ಮಿಸ್ತ್ರಿ ಪಾನಾಕ್ಕೆ ಉದ್ದ ಪೈಪು ಹುಡುಕತೊಡಗಿದರೆ ಮಾತ್ರ, ಸ್ವಲ್ಪ ತಡೆಯಿರಿ ಎಂದು ಹೇಳಿ ಚಕ್ಕಡಿಯ ಗಾಲಿಯನ್ನು ನೆನಪಿಸಿ.